ರಾತ್ರಿ ಒಂದೂವರೆಯ ಅಲಾರಂ: ದಾವಣಗೆರೆಯ ಒಂದು ಐಸಿಯು ಪ್ರಕರಣ

ಹಿನ್ನೆಲೆ

ದಾವಣಗೆರೆಯ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ನಡೆದದ್ದು ಇದು. ಆಸ್ಪತ್ರೆ, ರೋಗಿ, ಸಿಬ್ಬಂದಿ ಯಾರೆಂದು ಗೊತ್ತಾಗಬಾರದೆಂದು ವಯಸ್ಸು, ಊರು, ಹಾಸಿಗೆ ಸಂಖ್ಯೆಗಳನ್ನು ಬದಲಿಸಿದ್ದೇನೆ. ಘಟನೆಗಳ ಕ್ರಮ, ತಾಂತ್ರಿಕ ವಿವರ ಇದ್ದಂತೆಯೇ ಇವೆ. ವೈದ್ಯಕೀಯ ಉಪಕರಣಗಳ ನಿರ್ವಹಣೆ ನನ್ನ ಕಸುಬು. ದಾವಣಗೆರೆ, ಚಿತ್ರದುರ್ಗದ ಕೆಲವು ಸಣ್ಣ ಆಸ್ಪತ್ರೆಗಳಿಗೆ ವಾರ್ಷಿಕ ಒಪ್ಪಂದದ ಮೇಲೆ ಹೋಗಿಬರುತ್ತೇನೆ.

ದಾವಣಗೆರೆ ಆಸ್ಪತ್ರೆಗಳ ಊರು. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ, ಆಚೆ ರಾಣೆಬೆನ್ನೂರಿನಿಂದಲೂ ಜನ ಇಲ್ಲಿಗೇ ಬರುತ್ತಾರೆ. ಒಬ್ಬ ರೋಗಿಯ ಜೊತೆ ನಾಲ್ಕು ಜನ, ನಾಲ್ಕು ಜನರ ಹತ್ತಿರ ಐದು ಫೋನ್. ಇದರಲ್ಲಿ ಕೀಪ್ಯಾಡ್ ಫೋನ್ ಇನ್ನೂ ಕಡಿಮೆಯೇನಿಲ್ಲ. ಬ್ಯಾಟರಿ ಮೂರು ದಿನ ಬರುತ್ತದೆ, ಕೆಸರಿಗೆ ಬಿದ್ದರೂ ಒರೆಸಿ ಮಾತಾಡಬಹುದು.

ನಮ್ಮ ಆಸ್ಪತ್ರೆಯ ಐಸಿಯುವಿನಲ್ಲಿ ಆರು ಹಾಸಿಗೆ. ಮೊದಲು ಮನೆಯಾಗಿದ್ದ ಕಟ್ಟಡವನ್ನು ಹಂತಹಂತವಾಗಿ ಬೆಳೆಸಿದ್ದರಿಂದ ಐಸಿಯುಗೆ ಸಿಕ್ಕಿದ್ದು ನೆಲಮಹಡಿಯ ಒಳಮೂಲೆ. ಒಂದು ಕಡೆ ಎಕ್ಸ್‌ರೇ ಕೋಣೆಯ ದಪ್ಪ ಗೋಡೆ, ಇನ್ನೊಂದು ಕಡೆ ಲಿಫ್ಟು. ಒಳಗೆ ಹೋದರೆ ಫೋನಿನಲ್ಲಿ ಒಂದು ಕಡ್ಡಿ ಟವರ್ ಸಿಕ್ಕರೆ ಹೆಚ್ಚು. ಉಪಕರಣಗಳಲ್ಲಿ ಹೊಸದು, ಹಳೆಯದು ಕಲಸಿಹೋಗಿತ್ತು: ಮೂರು ಮಾನಿಟರ್ ಇತ್ತೀಚಿನವು, ಮೂರು ಸೆಕೆಂಡ್ ಹ್ಯಾಂಡ್. ಸಿರಿಂಜಿನ ಔಷಧವನ್ನು ಸ್ವಲ್ಪಸ್ವಲ್ಪವೇ ರಕ್ತಕ್ಕೆ ತಳ್ಳುವ ಸಿರಿಂಜ್ ಪಂಪ್‌ಗಳಲ್ಲೂ ಎರಡು ತಲೆಮಾರು.

ರೋಗಿಯ ಕಡೆಯವರು ಒಳಗೆ ಇರಬಾರದು ಎಂಬ ನಿಯಮ ಇತ್ತು. ಆದರೆ ರಾತ್ರಿ ಪಾಳಿಗೆ ಆರು ಹಾಸಿಗೆಗೆ ಇಬ್ಬರೇ ಸಿಸ್ಟರ್. ವಯಸ್ಸಾದವರು ಎಚ್ಚರಾಗಿ ಗಾಬರಿಯಿಂದ ಕೊಳವೆ ಕಿತ್ತುಕೊಳ್ಳುತ್ತಾರೆ. ಹಾಗಾಗಿ ತಲೆಯ ಬಳಿ ಒಂದು ಸ್ಟೂಲ್ ಹಾಕಿ ಒಬ್ಬರನ್ನು ಕೂರಿಸುವ ರೂಢಿ ಬೆಳೆದಿತ್ತು. ಈ ರೂಢಿಯನ್ನು ನಾನು ಟೀಕಿಸುವುದಿಲ್ಲ. ಆ ಸ್ಟೂಲಿನ ಮೇಲೆ ಕೂತವರು ಎಷ್ಟೋ ಅನಾಹುತ ತಪ್ಪಿಸಿದ್ದಾರೆ.

ಮೊದಲ ರಾತ್ರಿ

ಐದನೇ ಹಾಸಿಗೆಯಲ್ಲಿ ಅರವತ್ತು ದಾಟಿದ ಒಬ್ಬ ತಾಯಿ. ಹೃದಯಾಘಾತವಾಗಿ ಬಂದವರು, ಬಿಪಿ ಕುಸಿಯುತ್ತಿದ್ದುದರಿಂದ ಸಿರಿಂಜ್ ಪಂಪ್‌ನಲ್ಲಿ ಅದನ್ನು ಏರಿಸುವ ನಾರ್‌ಅಡ್ರಿನಲಿನ್ ಓಡುತ್ತಿತ್ತು. ಮಗ ಸ್ಟೂಲಿನ ಮೇಲೆ. ರಾತ್ರಿ ಸುಮಾರು ಒಂದೂವರೆಗೆ ಮಾನಿಟರ್ ಕೆಂಪು ಅಲಾರಂ ಕೂಗಿತು. ಇಸಿಜಿ ಗೆರೆ ಅಗಲವಾಗಿ, ಒಂದರ ಮೇಲೊಂದು ಅಲೆಯಾಗಿ ಕುಣಿಯುತ್ತಿತ್ತು. ಡ್ಯೂಟಿ ಡಾಕ್ಟರ್ ಓಡಿಬಂದು ನೋಡಿದರು: ವಿಟಿ, ಅಂದರೆ ಹೃದಯದ ಕೆಳಕೋಣೆಗಳಿಂದ ಹುಟ್ಟುವ ಅಪಾಯದ ಓಟ. ಹೃದಯಾಘಾತವಾದವರಲ್ಲಿ ನಿರೀಕ್ಷಿಸಬೇಕಾದದ್ದೇ. ಆ ಓಟ ತಗ್ಗಿಸುವ ಔಷಧ ಅಮಿಯೊಡರೋನ್ ಎಳೆದುಕೊಳ್ಳಲು ಹೇಳಿದರು.

ಸಿಸ್ಟರ್ ಆಂಪ್ಯೂಲ್ ಕೈಗೆತ್ತಿಕೊಂಡವರು ಒಡೆಯಲಿಲ್ಲ. "ಸರ್, ಪ್ಲೆತ್ ಸರಿಯಾಗೇ ಐತಲ್ರಿ. ನಾಡಿ ಸಿಗ್ತೈತಿ, ಅಮ್ಮ ನೀರು ಕೇಳಕತ್ತಾರ" ಎಂದರು.

ಬೆರಳಿಗೆ ಹಾಕಿದ ಆಕ್ಸಿಜನ್ ಕ್ಲಿಪ್ಪಿನಿಂದ ಪರದೆಯ ಕೆಳಗೆ ಮೂಡುವ ನಾಡಿಯ ಅಲೆಗೆ ಅಲ್ಲಿ ಪ್ಲೆತ್ ಅನ್ನುತ್ತಾರೆ. ಹೃದಯ ನಿಜಕ್ಕೂ ಹಾಗೆ ಓಡುತ್ತಿದ್ದರೆ ಆ ಅಲೆ ಸಣ್ಣಗಾಗಬೇಕು, ಇಲ್ಲವೇ ಕದಡಬೇಕು. ಅದು ನಿಧಾನಕ್ಕೆ, ಸಮವಾಗಿ ಏರಿಳಿಯುತ್ತಿತ್ತು. ಡಾಕ್ಟರ್ ಮಣಿಕಟ್ಟು ಹಿಡಿದರು. ಅರ್ಧ ನಿಮಿಷದೊಳಗೆ ಇಸಿಜಿಯೂ ತಾನಾಗಿ ಸರಿಹೋಯಿತು. ಔಷಧ ಕೊಡಲಿಲ್ಲ.

ಈ ಪ್ರಕರಣದಲ್ಲಿ ರೋಗಿಯನ್ನು ಉಳಿಸಿದ ನಿರ್ಧಾರ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಮುಂದೆ ನಾವು ಮಾಡಿದ ಅಳತೆ, ಪರೀಕ್ಷೆ ಯಾವುದೂ ಇದಕ್ಕೆ ಸಾಟಿಯಲ್ಲ. ಇಲ್ಲದ ವಿಟಿಗೆ ಅಮಿಯೊಡರೋನ್ ಹೋಗಿದ್ದರೆ, ಮೊದಲೇ ಕುಸಿದ ಬಿಪಿ ಇನ್ನೂ ಕೆಳಗಿಳಿಯುತ್ತಿತ್ತು.

ಮಾಡಿ ನೋಡಿದ್ದು

ಬೆಳಿಗ್ಗೆ ಎಲ್ಲರೂ ಹೇಳಿದ್ದು ಒಂದೇ ಮಾತು: ಮಷೀನ್ ಹಳೆಯದು. ಆ ಐಸಿಯುವಿನಲ್ಲಿ ಸುಳ್ಳು ಅಲಾರಂ ಹೊಸದೇನೂ ಆಗಿರಲಿಲ್ಲ. ಕೂಗಿದರೆ ಗುಂಡಿ ಒತ್ತಿ ಸುಮ್ಮನಾಗಿಸುವುದು ಕೈಗೆ ರೂಢಿಯಾಗಿತ್ತು. ಮಾನಿಟರನ್ನು ಮಾರಾಟಗಾರರ ಸರ್ವಿಸ್ ಕೇಂದ್ರಕ್ಕೆ ಕಳಿಸಿದರು. ದೋಷವೇನೂ ಕಾಣಲಿಲ್ಲ ಎಂಬ ಚೀಟಿಯೊಂದಿಗೆ ವಾಪಸ್ ಬಂತು. ಅಷ್ಟರೊಳಗೆ ಆ ಹಾಸಿಗೆಗೆ ಹಾಕಿದ್ದ ಬೇರೆ ಮಾನಿಟರ್ ಕೂಡ ಅದೇ ಹೊತ್ತಿಗೆ ಅದೇ ಆಟ ಆಡಿತು. ಉಪಕರಣ ಬದಲಾದರೂ ತೊಂದರೆ ಹಾಸಿಗೆಯನ್ನೇ ಹಿಡಿದುಕೊಂಡಿದ್ದರೆ ಕಾರಣ ಹಾಸಿಗೆಯ ಸುತ್ತಲೇ ಇರಬೇಕು. ಇಷ್ಟು ಆಗಲೇ ಹೊಳೆಯಬಹುದಿತ್ತು, ಆದರೆ ಆ ಸೂಚನೆ ಯಾರ ಕಣ್ಣಿಗೂ ಬೀಳಲಿಲ್ಲ.

ಯಾರೋ ಮೊಬೈಲ್ ಎಂದರು. ಮರುದಿನವೇ ಬಾಗಿಲಿಗೆ ಬೋರ್ಡ್ ಬಂತು: ಒಳಗೆ ಮೊಬೈಲ್ ಸಂಪೂರ್ಣ ನಿಷೇಧ, ಸಿಕ್ಕರೆ ದಂಡ. ಸೆಕ್ಯೂರಿಟಿಯವನು ಜೇಬು ಮುಟ್ಟಿ ನೋಡತೊಡಗಿದ. ಡಾಕ್ಟರುಗಳ, ಸಿಸ್ಟರುಗಳ ಫೋನ್ ಮಾತ್ರ ಹಾಗೇ ಓಡಾಡುತ್ತಿದ್ದವು.

ಎರಡು ರಾತ್ರಿ ಶಾಂತ. ಮೂರನೆಯ ರಾತ್ರಿ ಪಂಪೇ ನಿಂತಿತು. ಪರದೆಯ ಮೇಲೆ ಆಂತರಿಕ ದೋಷದ ಸಂಕೇತ ತೋರಿಸಿ, ಕೂಗಿ, ನಾರ್‌ಅಡ್ರಿನಲಿನ್ ಹೋಗುವುದು ನಿಂತುಹೋಯಿತು. ಈ ಔಷಧ ದೇಹದಲ್ಲಿ ನಿಮಿಷಗಳ ಲೆಕ್ಕದಲ್ಲಿ ಕರಗುತ್ತದೆ. ನಿಂತ ಕೂಡಲೇ ಬಿಪಿ ಬೀಳುತ್ತದೆ. ಸಿಸ್ಟರ್ ಹತ್ತಿರವೇ ಇದ್ದರು, ಪಂಪ್ ಆರಿಸಿ ಮತ್ತೆ ಹೊತ್ತಿಸಿದರು, ಬಿದ್ದ ಬಿಪಿ ಮೇಲೆ ಬಂತು. ಬೇರೆ ಹಾಸಿಗೆಯ ಬಳಿ ಇದ್ದಿದ್ದರೆ ಏನಾಗುತ್ತಿತ್ತೆಂದು ಅವರು ಮರುದಿನವೂ ನಡುಗುತ್ತಿದ್ದರು. ನನ್ನನ್ನು ಕರೆಸಿದ್ದು ಆಗ.

ಮಾಲೀಕರೂ ಆಗಿದ್ದ ಹಿರಿಯ ವೈದ್ಯರು ಪರಿಹಾರ ಆಗಲೇ ಹುಡುಕಿಟ್ಟಿದ್ದರು. "ಪರೀಕ್ಷೆ ಸೆಂಟರ್‌ಗೆ ಜ್ಯಾಮರ್ ಹಾಕ್ತಾರಲ್ರಿ, ನಮಗ್ಯಾಕೆ ಆಗಲ್ಲ? ಆನ್‌ಲೈನಲ್ಲಿ ಸಿಗ್ತದಂತೆ, ತರಿಸಿಬಿಡಿ."

ಬೇಡ ಎಂದೆ. ಭಾರತದಲ್ಲಿ ಜ್ಯಾಮರ್ ಇಟ್ಟುಕೊಳ್ಳಲು ಖಾಸಗಿಯವರಿಗೆ ಅವಕಾಶವೇ ಇಲ್ಲ. ಸರ್ಕಾರಿ ಸಂಸ್ಥೆಗಳಿಗೂ ಕೇಂದ್ರ ಸಂಪುಟ ಸಚಿವಾಲಯದ ಅನುಮತಿ ಬೇಕು. ಕಾನೂನು ಬದಿಗಿರಲಿ, ಜ್ಯಾಮರ್ ಅಂದರೆ ಮೊಬೈಲಿನದೇ ತರಂಗಾಂತರದಲ್ಲಿ ಎಡೆಬಿಡದೆ ಗದ್ದಲ ಎಬ್ಬಿಸುವ ಟ್ರಾನ್ಸ್‌ಮಿಟರ್. ಫೋನಿನ ಅಲೆಯಿಂದ ಪಂಪ್ ನಿಂತಿತು ಎಂಬ ಅನುಮಾನ ಇರುವಾಗ ಐಸಿಯುವಿನೊಳಗೆ ಇಪ್ಪತ್ನಾಲ್ಕು ಗಂಟೆ ಅಲೆ ಉಗುಳುವ ಪೆಟ್ಟಿಗೆ ತಂದಿಡುವುದು ಎಂಥ ಮಾತು? ಹೊರಗಿದ್ದ ವೈದ್ಯರನ್ನು ತುರ್ತಿಗೆ ಫೋನಿನಲ್ಲಿ ಹಿಡಿಯುವ ದಾರಿಯೂ ಮುಚ್ಚುತ್ತಿತ್ತು. ಹಾಗಾದರೆ ಟವರ್ ಚೆನ್ನಾಗಿ ಸಿಗುವಂತೆ ಬೂಸ್ಟರ್ ಹಾಕೋಣವೇ ಎಂದರು. ಆ ಯೋಚನೆಯ ದಿಕ್ಕು ಸರಿಯಿತ್ತು, ಯಾಕೆಂದು ಮುಂದೆ ಹೇಳುತ್ತೇನೆ. ಆದರೆ ಅಂಗಡಿಯ ಬೂಸ್ಟರನ್ನು ಪರವಾನಗಿ ಇಲ್ಲದೆ ಹಾಕುವುದೂ ಅಪರಾಧವೇ.

ತನಿಖೆಗೆ ಮುಂಚೆ ಒಂದು ಕೆಲಸ ಮಾಡಿದೆವು. ನಾರ್‌ಅಡ್ರಿನಲಿನನ್ನು ಹಳೆ ಪಂಪಿನಿಂದ ತೆಗೆದು ಹೊಸ ತಲೆಮಾರಿನ ಪಂಪಿಗೆ ಹಾಕಿಸಿದೆ. ಕಾರಣ ಏನೇ ಇರಲಿ, ಹುಡುಕುವಷ್ಟು ದಿನ ರೋಗಿ ಅಪಾಯದಲ್ಲಿ ಇರಬಾರದು. ಹಳೆ ಪಂಪನ್ನು ಹಾಗೇ, ಏನನ್ನೂ ಒರೆಸದೆ, ಬದಿಗಿಟ್ಟೆ.

ಪಟ್ಟಿ ಹೇಳಿದ ಕಥೆ

ಆರೂ ಹಾಸಿಗೆಯ ಬಳಿ ಒಂದೊಂದು ಹಾಳೆ ತೂಗುಹಾಕಿ, ಅಲಾರಂ ಬಂದ ಹೊತ್ತು, ಪರದೆಯಲ್ಲಿ ಕಂಡದ್ದು, ಆಗ ಸುತ್ತ ಏನು ನಡೆಯುತ್ತಿತ್ತು ಎಂದು ಬರೆಯಲು ಸಿಸ್ಟರುಗಳನ್ನು ಕೇಳಿಕೊಂಡೆ. ಕೆಲಸದ ಮೇಲೆ ಕೆಲಸ ಎಂದು ಗೊಣಗಿದರೂ ಬರೆದರು.

ಹಾಳೆಗಳನ್ನು ಓದಿದಾಗ ಮೊದಲು ಕಂಡದ್ದು ಮೊಬೈಲಿನ ತಪ್ಪಲ್ಲ ಎನ್ನುವ ಸಾಕ್ಷಿ. ಸುಳ್ಳು ಅಲಾರಂಗಳಲ್ಲಿ ಬಹುಪಾಲಿಗೆ ಫೋನಿನ ಸಂಬಂಧವೇ ಇರಲಿಲ್ಲ. ಎದೆಗೆ ಅಂಟಿಸುವ ಎಲೆಕ್ಟ್ರೋಡ್ ಪ್ಯಾಕೆಟ್ಟನ್ನು ಹರಿದು ಫ್ಯಾನಿನ ಕೆಳಗೆ ಬಿಟ್ಟಿದ್ದರು. ನಮ್ಮ ಬಯಲುಸೀಮೆಯ ಬೇಸಿಗೆಗೆ ಅದರ ಜೆಲ್ ಒಂದೇ ದಿನದಲ್ಲಿ ಒಣಗುತ್ತದೆ. ಒಣಗಿದರೆ ರೋಗಿ ಮಗ್ಗುಲಾದಾಗಲೆಲ್ಲ ಗೆರೆ ಕುಣಿಯುತ್ತದೆ. ಎರಡನೇ ಹಾಸಿಗೆಯಲ್ಲಿ ಗೆರೆಯ ಉದ್ದಕ್ಕೂ ದಪ್ಪ ಗೀಚು. ಅದು ಮಂಚದ ಕಂಬಿಗೆ ಕಟ್ಟಿದ್ದ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಬರುತ್ತಿದ್ದ 50 ಹರ್ಟ್ಸ್ ಕರೆಂಟಿನ ಗದ್ದಲ. ಬೋರ್ಡಿನ ಅರ್ಥಿಂಗ್ ತಂತಿ ಕಿತ್ತುಹೋಗಿತ್ತು. ಇವೆರಡನ್ನೂ ಅಂದೇ ಸರಿಮಾಡಿಸಿದೆ. ಆಮೇಲೂ ಉಳಿದದ್ದು ಐದನೇ ಹಾಸಿಗೆಯದು ಮಾತ್ರ: ಅಲೆಅಲೆಯಾಗಿ ಕೆಲವು ಸೆಕೆಂಡಿನಿಂದ ಅರ್ಧ ನಿಮಿಷ, ತಾನಾಗಿ ಬರುವುದು, ತಾನಾಗಿ ಹೋಗುವುದು. ಹೊತ್ತು ಮಾತ್ರ ರಾತ್ರಿ ಒಂದೂಕಾಲರಿಂದ ಎರಡರೊಳಗೆ, ಆಮೇಲೆ ಬೆಳಗಿನ ಜಾವ ಇನ್ನೊಮ್ಮೆ. ಸೋಮವಾರದಿಂದ ಹೊತ್ತು ಬದಲಾಗಿ ಹಗಲಿಗೆ ಬಂತು.

ರಾತ್ರಿ ಆ ಹೊತ್ತಿಗೆ ಏನು ನಡೆಯುತ್ತದೆ? ಜನರೇಟರ್ ಪರೀಕ್ಷೆ? ಲಿಫ್ಟು? ನೀರಿನ ಮೋಟಾರು? ಒಂದೊಂದನ್ನೇ ಹೊಂದಿಸಿ ನೋಡಿದೆ, ಯಾವುದೂ ಕೂಡಿಬರಲಿಲ್ಲ. ಗಂಟು ಬಿಡಿಸಿದ್ದು ನೆಲ ಒರೆಸುತ್ತಿದ್ದ ಆಯಾ. ಹಾಳೆಯ ಹೊತ್ತುಗಳನ್ನು ನಾನು ಜೋರಾಗಿ ಓದುತ್ತಿದ್ದುದನ್ನು ಕೇಳಿ, "ಇದು ನಮ್ಮ ಊರಾಗಿನ ತ್ರೀ ಫೇಸ್ ಪಾಳಿ ಇದ್ದಂಗೈತಲ್ರಿ. ಹೋದ ವಾರ ರಾತ್ರಿ ಇತ್ತು, ಈ ವಾರ ಹಗಲಿಗೆ ಹಾಕ್ಯಾರ" ಎಂದಳು. ತೋಟದ ಪಂಪ್‌ಸೆಟ್ಟುಗಳಿಗೆ ಪಾಳಿಯ ಮೇಲೆ ಕೊಡುವ ತ್ರೀ ಫೇಸ್ ಕರೆಂಟಿನ ಮಾತದು. ಆಕೆಯ ಊರು ರೋಗಿಯ ಊರಿನ ಪಕ್ಕದ್ದು.

ಮಗನನ್ನು ಕರೆದು, ದಂಡ ಏನೂ ಇಲ್ಲ ಎಂದು ಭರವಸೆ ಕೊಟ್ಟು ಕೇಳಿದೆ. ಮೊದಲು ತಲೆ ತಗ್ಗಿಸಿದ. ಆಮೇಲೆ ಹೇಳಿದ: "ತ್ವಾಟದಾಗ ಬೋರಿಗೆ ಮೊಬೈಲ್ ಸ್ಟಾರ್ಟರ್ ಹಾಕ್ಸೀವ್ರಿ ಸರ. ತ್ರೀ ಫೇಸ್ ಬಂದ್ರೆ ಅದೇ ಫೋನ್ ಮಾಡ್ತದ. ನಾ ಎತ್ತಿ ಒಂದು ಒತ್ತಿದ್ರ ಮೋಟ್ರು ಶುರು. ಅಡಿಕೆ ಗಿಡ ಸಣ್ಣವು, ನೀರು ತಪ್ಪಿದ್ರ ಹೋಗ್ತಾವ್ರಿ."

ಮೊಬೈಲ್ ಸ್ಟಾರ್ಟರ್ ನಮ್ಮ ಕಡೆಯ ರೈತರಿಗೆ ಹೊಸದಲ್ಲ. ಪಂಪ್‌ಸೆಟ್ಟಿನ ಪೆಟ್ಟಿಗೆಯೊಳಗೆ ಒಂದು ಸಿಮ್ ಇರುತ್ತದೆ. ಕರೆಂಟ್ ಬಂದಾಗ, ಹೋದಾಗ ಯಜಮಾನನ ನಂಬರಿಗೆ ಕರೆ ಅಥವಾ ಸಂದೇಶ ಬರುತ್ತದೆ. ಅವನ ಕೀಪ್ಯಾಡ್ ಫೋನಿಗೆ ಪ್ರತಿ ಪಾಳಿಯಲ್ಲೂ ಆ ಕರೆ ಬರುತ್ತಿತ್ತು.

ಫೋನ್ ಎಲ್ಲಿಡುತ್ತಿದ್ದೆ? ಬೋರ್ಡ್ ಬರುವ ಮುಂಚೆ ತಾಯಿಯ ದಿಂಬಿನ ಕೆಳಗೆ, ಅಂದರೆ ಎದೆಯಿಂದ ಬರುವ ಇಸಿಜಿ ತಂತಿಗಳ ಪಕ್ಕದಲ್ಲಿ. ಬೋರ್ಡ್ ಬಂದ ಮೇಲೆ, ಸೆಕ್ಯೂರಿಟಿಯವನ ಕಣ್ಣು ತಪ್ಪಿಸಲು, ಸೈಲೆಂಟ್ ಮಾಡಿ ಎಲೆಅಡಿಕೆ ಚೀಲದೊಳಗೆ ಹಾಕಿ ಸಲೈನ್ ಸ್ಟ್ಯಾಂಡಿಗೆ ನೇತುಹಾಕಿದ್ದ. ಸಿರಿಂಜ್ ಪಂಪ್ ಬಿಗಿದಿದ್ದದ್ದು ಅದೇ ಸ್ಟ್ಯಾಂಡಿಗೆ, ಚೀಲಕ್ಕೂ ಅದಕ್ಕೂ ನಾಲ್ಕು ಬೆರಳಿನ ಅಂತರ. ನಿಷೇಧ ಫೋನನ್ನು ಐಸಿಯುವಿನಿಂದ ಹೊರಗೆ ಕಳಿಸಿರಲಿಲ್ಲ, ರೋಗಿಯ ಜೀವ ಹಿಡಿದಿದ್ದ ಯಂತ್ರದ ಮಗ್ಗುಲಿಗೇ ತಳ್ಳಿತ್ತು.

ಖಾಲಿ ಹಾಸಿಗೆಯ ಪರೀಕ್ಷೆ

ಊಹೆ ಎಷ್ಟೇ ಚೆನ್ನಾಗಿ ಹೊಂದಿದರೂ ಊಹೆಯೇ. ತಾಯಿ ವಾರ್ಡಿಗೆ ಹೋದ ಮೇಲೆ ಅದೇ ಹಾಸಿಗೆಯಲ್ಲಿ ಪರೀಕ್ಷೆ ಮಾಡಿದೆವು. ರೋಗಿಯ ಬದಲು ಇಸಿಜಿ ಸಿಮ್ಯುಲೇಟರ್, ಔಷಧದ ಬದಲು ಸಲೈನ್ ತುಂಬಿದ ಸಿರಿಂಜ್, ಅದೇ ಹಳೆ ಮಾನಿಟರ್, ಅದೇ ಹಳೆ ಪಂಪ್.

4ಜಿ ಸ್ಮಾರ್ಟ್‌ಫೋನನ್ನು ತಂತಿಗಳ ಮೇಲೇ ಇಟ್ಟು ಕರೆ ಮಾಡಿದರೂ ಗೆರೆ ಅಲುಗಲಿಲ್ಲ. ಕೀಪ್ಯಾಡ್ ಫೋನನ್ನು ಎರಡು ಮಾರು ದೂರದಲ್ಲಿಟ್ಟಾಗಲೂ ಏನಿಲ್ಲ. ಒಂದು ಗೇಣಿಗೆ ತಂದಾಗ, ಫೋನ್ ನಡುಗುವುದಕ್ಕೆ ಒಂದೆರಡು ಸೆಕೆಂಡ್ ಮುಂಚೆಯೇ ಗೆರೆ ಕದಡಿತು. ಎತ್ತಿ ಮಾತಾಡದೆ ಸುಮ್ಮನೆ ಹಿಡಿದಾಗ ಸಾಲುಸಾಲು ಅಲೆಗಳೆದ್ದು ಮಾನಿಟರ್ ಕೂಗಿತು. ಪಂಪಿನ ಮೈಗೆ ತಾಗಿಸಿದಾಗ, ಒಂದೇ ಸಲಕ್ಕಲ್ಲ, ಆದರೆ ಕೆಲವು ಪ್ರಯತ್ನದಲ್ಲಿ ಅದೇ ದೋಷದ ಸಂಕೇತ ಬಂದು ನಿಂತಿತು. ಹೊಸ ಪಂಪಿಗೆ ಏನೂ ಆಗಲಿಲ್ಲ.

ಎಲ್ಲರೂ ಬೆರಗಾದದ್ದು ಮುಂದಿನ ಹಂತಕ್ಕೆ. ಮಾನಿಟರ್, ಪಂಪ್ ಎರಡನ್ನೂ ಟ್ರಾಲಿಯಲ್ಲಿ ಕಾರಿಡಾರಿನ ಕಿಟಕಿಯ ಬಳಿಗೆ ತಂದೆವು. ಅಲ್ಲಿ ಟವರ್ ಪೂರ್ತಿ. ಅದೇ ಫೋನ್, ಅದೇ ಗೇಣು ಅಂತರ. ಕರೆ ಬರುವ ಕ್ಷಣದಲ್ಲಿ ಸಣ್ಣ ಮಿಡಿತವೊಂದು ಬಿಟ್ಟರೆ ಗೆರೆ ನೆಟ್ಟಗೆ ಓಡಿತು.

ಕಾರಣ ಹೀಗೆ. ಫೋನ್ ಯಾವಾಗಲೂ ಒಂದೇ ಶಕ್ತಿಯಲ್ಲಿ ಅಲೆ ಬಿಡುವುದಿಲ್ಲ. ಟವರ್ ಚೆನ್ನಾಗಿ ಕೇಳಿಸುತ್ತಿದ್ದರೆ ಪಿಸುಗುಟ್ಟುತ್ತದೆ, ಕೇಳಿಸದಿದ್ದರೆ ಕೂಗುತ್ತದೆ. 900 ಮೆಗಾಹರ್ಟ್ಸ್ 2ಜಿ ಫೋನಿನ ಕೂಗು ಗರಿಷ್ಠ 2 ವ್ಯಾಟ್. 4ಜಿ ಫೋನಿನದು ಸುಮಾರು 0.2 ವ್ಯಾಟ್. ಎಕ್ಸ್‌ರೇ ಗೋಡೆಯ ಹಿಂದೆ ಒಂದು ಕಡ್ಡಿ ಟವರಿನಲ್ಲಿದ್ದ ಕೀಪ್ಯಾಡ್ ಫೋನ್ ಪೂರ್ತಿ ದನಿಯಲ್ಲಿ ಕೂಗುತ್ತಿತ್ತು. ಕರೆ ಶುರುವಾಗುವಾಗ ಟವರಿಗೆ ಮೊದಲ ಉತ್ತರ ಕೊಡುವ ಕ್ಷಣದಲ್ಲಂತೂ ಪೂರ್ತಿ ಶಕ್ತಿಯೇ. ಹಿಂದೆ ರೇಡಿಯೋ, ಟಿವಿಯ ಪಕ್ಕ ಫೋನಿಟ್ಟರೆ ಕರೆ ಬರುವ ಮುಂಚೆ "ಟಿಟಿಟ್ ಟಿಟಿಟ್" ಎಂದು ಸ್ಪೀಕರ್ ಗುರುಗುಟ್ಟುತ್ತಿದ್ದುದು ನೆನಪಿರಬಹುದು. ಅದೇ ಇದು.

ಶಕ್ತಿಯಷ್ಟೇ ಅಲ್ಲ, ಅದರ ಲಯವೂ ಮುಖ್ಯ. 2ಜಿ ಫೋನ್ ಅಲೆಯನ್ನು ನಿರಂತರ ಬಿಡದೆ ಎಂಟು ಪಾಲಿನಲ್ಲಿ ಒಂದು ಪಾಲಿನಷ್ಟು ಹೊತ್ತು ಮಾತ್ರ ಬಿಡುತ್ತದೆ. 4.615 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 217 ಸಲ ಹೊತ್ತಿ ಆರುತ್ತದೆ. ಇಸಿಜಿಯ ಉದ್ದ ತಂತಿಗಳು ಆ್ಯಂಟೆನಾದಂತೆ ಇದನ್ನು ಹಿಡಿಯುತ್ತವೆ. ಒಳಗಿನ ಆ್ಯಂಪ್ಲಿಫೈಯರ್ ಲಕ್ಷಾಂತರ ಪಟ್ಟು ವೇಗದ ಮೂಲ ಅಲೆಯನ್ನು ಅರಿಯದು, ಆದರೆ ಹೊತ್ತುವ, ಆರುವ ಲಯವನ್ನು ಸಂಕೇತವೆಂದೇ ಹಿಡಿದುಬಿಡುತ್ತದೆ. ಮಾನಿಟರಿನ ಇಸಿಜಿ ಫಿಲ್ಟರ್ ಸಾಮಾನ್ಯವಾಗಿ 40 ಹರ್ಟ್ಸ್‌ವರೆಗೆ ಬಿಡುತ್ತದೆ, ಹಾಗಾಗಿ 217 ತಡೆಯಲ್ಪಡುತ್ತದೆ. ಆದರೆ ಅದರೊಳಗೇ ನಿಧಾನದ ಲಯಗಳೂ ಅಡಗಿವೆ: 120 ಮಿಲಿಸೆಕೆಂಡಿಗೊಮ್ಮೆ ಬರುವ ಬಿಡುವಿನಿಂದ ಹುಟ್ಟುವ 8.3 ಹರ್ಟ್ಸ್, ಮತ್ತು ಈ ಕಡೆಯವರು ಸುಮ್ಮನಿದ್ದಾಗ ಬ್ಯಾಟರಿ ಉಳಿಸಲು ಫೋನ್ ಅಲೆಯನ್ನು ಕಡಿತಗೊಳಿಸುವುದರಿಂದ ಹುಟ್ಟುವ ಸುಮಾರು 2 ಹರ್ಟ್ಸ್. ಎರಡೂ ಹೃದಯದ ಸಂಕೇತದ ವ್ಯಾಪ್ತಿಯೊಳಗೇ ಬೀಳುತ್ತವೆ. ಸೆಕೆಂಡಿಗೆ 2 ಎಂದರೆ ನಿಮಿಷಕ್ಕೆ 120. ಸ್ಟಾರ್ಟರಿನ ಕರೆಯಲ್ಲಿ ಮಗ ಮಾತಾಡುವುದೇನೂ ಇರಲಿಲ್ಲ. ರೆಕಾರ್ಡ್ ದನಿ ಕೇಳಿಸಿಕೊಂಡು ಗುಂಡಿ ಒತ್ತುತ್ತಿದ್ದ. ಆ ಮೌನವೇ ಕೆಟ್ಟ ಲಯವನ್ನು ಹುಟ್ಟಿಸುತ್ತಿತ್ತು.

ಪರೀಕ್ಷೆಯ ನಡುವೆ ಒಂದು ಸೋಜಿಗ. ಸಿಸ್ಟರೊಬ್ಬರ ಒಳ್ಳೆಯ ಸ್ಮಾರ್ಟ್‌ಫೋನ್ ಕೂಡ ಗೆರೆ ಕದಡಿತು. ನೋಡಿದರೆ 4ಜಿಯಲ್ಲೇ ಮಾತಾಡಿಸುವ ವೋಲ್ಟಿ ಸೌಲಭ್ಯ ಅದರಲ್ಲಿ ಆಫ್ ಆಗಿತ್ತು. ಇಂಟರ್ನೆಟ್ 4ಜಿಯಲ್ಲಿ, ಕರೆ ಬಂದ ಕೂಡಲೇ 2ಜಿಗೆ ಇಳಿಯುತ್ತಿತ್ತು. ಫೋನಿನ ಬೆಲೆ ನೋಡಿ ಸುರಕ್ಷಿತ ಎನ್ನುವಂತಿಲ್ಲ.

ಎಷ್ಟು ದೂರ

ಇಲ್ಲಿ ವೈದ್ಯರೊಳಗೇ ವಾದ ಎದ್ದಿತು. ಫಿಸಿಶಿಯನ್ ಒಬ್ಬರು 2007ರ ಮೇಯೊ ಕ್ಲಿನಿಕ್ ಅಧ್ಯಯನ ಎತ್ತಿದರು: ರೋಗಿಗಳ 75 ಕೋಣೆಗಳಲ್ಲಿ 192 ಉಪಕರಣಗಳ ಬಳಿ 300 ಪರೀಕ್ಷೆ, ಒಂದರಲ್ಲೂ ಅಡ್ಡಿ ಇಲ್ಲ. ಮಾಲೀಕರು ಅದೇ ವರ್ಷದ ಆಮ್‌ಸ್ಟರ್‌ಡ್ಯಾಂ ಅಧ್ಯಯನ ಹಿಡಿದರು: ತೀವ್ರ ನಿಗಾದ 61 ಉಪಕರಣಗಳಲ್ಲಿ 26ಕ್ಕೆ ಅಡ್ಡಿ, ಅದರಲ್ಲಿ ಅಲಾರಂ ಇಲ್ಲದೆ ನಿಂತ ಸಿರಿಂಜ್ ಪಂಪ್‌ಗಳೂ ಇದ್ದವು. ನನ್ನ ಕಣ್ಣಿಗೆ ಇವು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಮೇಯೊದಲ್ಲಿ ಮಾಮೂಲಿ ಫೋನುಗಳನ್ನು ಮಾಮೂಲಿಯಾಗಿ ಬಳಸಿ ನೋಡಿದರು. ಆಮ್‌ಸ್ಟರ್‌ಡ್ಯಾಂನಲ್ಲಿ 2 ವ್ಯಾಟಿನ ಗರಿಷ್ಠ ಸಂಕೇತವನ್ನು ಬೇಕೆಂದೇ ಹುಟ್ಟಿಸಿ, ಉಪಕರಣಕ್ಕೆ ಹತ್ತಿರ ಹತ್ತಿರ ತಂದರು. ಅಡ್ಡಿ ಕಂಡ ಅಂತರದ ಮಧ್ಯಮಾಂಕ 3 ಸೆಂಟಿಮೀಟರ್. ನಮ್ಮ ಐಸಿಯು ಕಾರಿಡಾರಿನಲ್ಲಿ ಮೇಯೊ, ಐದನೇ ಹಾಸಿಗೆಯಲ್ಲಿ ಆಮ್‌ಸ್ಟರ್‌ಡ್ಯಾಂ.

ಲೆಕ್ಕವೂ ಇದನ್ನೇ ಹೇಳುತ್ತದೆ. ವೈದ್ಯಕೀಯ ವಿದ್ಯುತ್ ಉಪಕರಣಗಳು ಇಂಥ ಅಡ್ಡಿಯನ್ನು ಎಷ್ಟು ತಾಳಬೇಕೆಂದು ಐಇಸಿ 60601-1-2 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. 2014ಕ್ಕೆ ಮುಂಚಿನ ಆವೃತ್ತಿಗಳಲ್ಲಿ ಸಾಮಾನ್ಯ ಉಪಕರಣಕ್ಕೆ ಮೀಟರಿಗೆ 3 ವೋಲ್ಟ್, ಜೀವಾಧಾರದ್ದಕ್ಕೆ 10 ವೋಲ್ಟ್ ತಾಳಿದರೆ ಸಾಕಿತ್ತು. 2014ರ ನಾಲ್ಕನೇ ಆವೃತ್ತಿ ಫೋನ್ 30 ಸೆಂಟಿಮೀಟರ್ ಹತ್ತಿರ ಬರುವುದನ್ನು ಗಣನೆಗೆ ತಂದು, ಕೆಲವು ತರಂಗಾಂತರಗಳಲ್ಲಿ 28 ವೋಲ್ಟ್ ತಾಳಬೇಕೆಂದಿತು. ಅದರದೇ ಸೂತ್ರದ ಪ್ರಕಾರ 2 ವ್ಯಾಟ್ ಫೋನ್ ಒಂದು ಮೀಟರಿನಲ್ಲಿ ಹುಟ್ಟಿಸುವ ಕ್ಷೇತ್ರ ಸುಮಾರು 8.5 ವೋಲ್ಟ್, 30 ಸೆಂಟಿಮೀಟರಿನಲ್ಲಿ 28. ನಾಲ್ಕು ಬೆರಳಿನ ಅಂತರಕ್ಕೆ ಸೂತ್ರವೇ ಅನ್ವಯಿಸುವುದಿಲ್ಲ. ಹಳೆ ಪಂಪ್ ತಾಳದೆ ಹೋದದ್ದರಲ್ಲಿ, ಹೊಸದು ತಾಳಿದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ಮೀಟರ್ ಎಂದು ನಿರ್ಧಾರವಾಯಿತು. ಬೋರ್ಡ್ ಕಿತ್ತುಹಾಕಲು ಮಾಲೀಕರು ಒಪ್ಪಲು ಸಮಯ ಹಿಡಿಯಿತು. ನಿಷೇಧ ಎಂದರೆ ಶಿಸ್ತಿನ ಆಸ್ಪತ್ರೆ ಎಂದು ಅವರ ಲೆಕ್ಕ. ಡ್ಯೂಟಿ ಡಾಕ್ಟರೇ ಮನವೊಲಿಸಿದರು. ಇಸಿಜಿ ಫೋಟೋ ತೆಗೆದು ಹೃದ್ರೋಗ ತಜ್ಞರಿಗೆ ವಾಟ್ಸ್ಆ್ಯಪ್ ಮಾಡುವುದು ಅವರ ದಿನನಿತ್ಯದ ಕೆಲಸ, ಫೋನ್ ಇಲ್ಲದೆ ಅದು ನಡೆಯುವುದಿಲ್ಲ. ಪ್ರತಿ ಮಂಚದ ಸುತ್ತ ನೆಲದ ಮೇಲೆ ಹಳದಿ ಪಟ್ಟಿ ಅಂಟಿಸಿದರು. ಪಟ್ಟಿಯೊಳಗೆ ಯಾರ ಫೋನೂ ಇಲ್ಲ, ಮಾಲೀಕರದೂ ಇಲ್ಲ. ಸ್ಟೂಲ್ ಪಟ್ಟಿಯ ಹೊರಗೆ. ಕಾರಿಡಾರಿನ ಕಿಟಕಿಯ ಬಳಿ ಬೆಂಚು, ಚಾರ್ಜಿಂಗ್ ಪಾಯಿಂಟ್, ಹೆಸರು ಬರೆದ ಗೂಡುಗಳು. ರಾತ್ರಿ ಮನೆಯಿಂದ ತುರ್ತು ಇದ್ದರೆ ಕರೆಯಲು ನರ್ಸ್ ಸ್ಟೇಷನ್ನಿನ ಲ್ಯಾಂಡ್‌ಲೈನ್ ನಂಬರನ್ನು ದಾಖಲಾತಿ ಚೀಟಿಯ ಮೇಲೇ ಬರೆದುಕೊಡುತ್ತಾರೆ. ಜನ ಫೋನ್ ಬಚ್ಚಿಡುವುದು ಹಟಕ್ಕಲ್ಲ, ಕರೆ ತಪ್ಪಿಹೋದೀತೆಂಬ ಭಯಕ್ಕೆ. ಆ ಭಯಕ್ಕೆ ಬೇರೆ ದಾರಿ ಕೊಟ್ಟ ಮೇಲೆ ಜೇಬು ತಡಕುವ ಅಗತ್ಯ ಬೀಳಲಿಲ್ಲ. ಅಂದಹಾಗೆ ಆ ಮಗ ಸ್ಟಾರ್ಟರಿನಲ್ಲಿ ಅಣ್ಣನ ನಂಬರ್ ಹಾಕಿಸಿದ.

ಸೆಕ್ಯೂರಿಟಿಯವನ ವಾಕಿಟಾಕಿಯನ್ನು ಐಸಿಯು ಬಾಗಿಲ ಹೊರಗೇ ನಿಲ್ಲಿಸಿದೆವು. ಬ್ರಿಟನ್ನಿನ ವೈದ್ಯಕೀಯ ಸಾಧನಗಳ ಸಂಸ್ಥೆ 1997ರಲ್ಲಿ ಪರೀಕ್ಷಿಸಿದಾಗ ಒಂದು ಮೀಟರ್ ಅಂತರದಲ್ಲಿ ಮೊಬೈಲಿನಿಂದ 4% ಉಪಕರಣಗಳಿಗೆ ಅಡ್ಡಿಯಾದರೆ, ತುರ್ತು ಸೇವೆಯವರ ರೇಡಿಯೊ ಸೆಟ್ಟಿನಿಂದ 41%ಕ್ಕೆ ಆಗಿತ್ತು. ಫೋನ್ ಹುಡುಕಲು ಒಳಗೆ ಬರುತ್ತಿದ್ದವನ ಸೊಂಟದಲ್ಲೇ ಅದಕ್ಕಿಂತ ದೊಡ್ಡ ಕೂಗುಮಾರಿ ಇತ್ತು.

ಆಮೇಲೆ

ಐದನೇ ಹಾಸಿಗೆಯ ಅಲೆ ಅಲಾರಂ ನಿಂತಿತು. ಒಮ್ಮೆ ಮಾತ್ರ ಮರಳಿ ಬಂತು: ಹೊರಗಿನಿಂದ ಬಂದ ತಜ್ಞರೊಬ್ಬರು ರೋಗಿಯನ್ನು ಪರೀಕ್ಷಿಸಲು ಫೋನನ್ನು ಹಳೆ ಮಾನಿಟರಿನ ತಲೆಯ ಮೇಲಿಟ್ಟಿದ್ದರು. ಸಿಸ್ಟರ್ ಏನೂ ಮಾತಾಡದೆ ಅದನ್ನೆತ್ತಿ ಕಾರಿಡಾರಿನ ಗೂಡಿನಲ್ಲಿಟ್ಟು ಬಂದರಂತೆ. ಎಲೆಕ್ಟ್ರೋಡ್ ಒಣಗುವ ಸುಳ್ಳು ಅಲಾರಂ ಮಾತ್ರ ಪೂರ್ತಿ ಹೋಗಿಲ್ಲ. ಪ್ಯಾಕೆಟ್ ಮಡಚಿ ಕ್ಲಿಪ್ ಹಾಕುವುದನ್ನು ಕೆಲವರು ಇನ್ನೂ ಮರೆಯುತ್ತಾರೆ.

ಪಂಪ್ ನಿಂತ ಘಟನೆಯನ್ನು ವೈದ್ಯಕೀಯ ಸಾಧನಗಳ ನಿಗಾ ಕಾರ್ಯಕ್ರಮಕ್ಕೆ ವರದಿ ಮಾಡಬೇಕೆಂದು ನಾನು ಒತ್ತಾಯಿಸಿದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯ ಆಯೋಗ 2015ರಿಂದ ಇದನ್ನು ನಡೆಸುತ್ತಿದೆ. ಯಾವ ವೈದ್ಯ, ನರ್ಸ್, ಎಂಜಿನಿಯರ್ ಬೇಕಾದರೂ ಬರೆಯಬಹುದು. ಹೆಸರು ಹೊರಗೆ ಹೋದರೆ ಎಂಬ ಅಳುಕಿನಿಂದ ಮ್ಯಾನೇಜ್‌ಮೆಂಟ್ ಹಿಂದೆಗೆಯಿತು. ರೋಗಿಗೆ ಹಾನಿಯಾಗಿಲ್ಲವಲ್ಲ ಎಂಬ ವಾದವೂ ಬಂತು. ಹಾನಿಯಾಗದೆ ತಪ್ಪಿದ ಘಟನೆಯೇ ಹೆಚ್ಚು ಬೆಲೆಯದ್ದು, ಆಗ ಯಾರೂ ಯಾರನ್ನೂ ದೂರಬೇಕಾಗಿಲ್ಲ ಎಂದೆ. ಕೊನೆಗೆ ಫಾರಂ ತುಂಬಿ ಕಳಿಸಿದರು.

ಹೊಸ ಉಪಕರಣ ಕೊಳ್ಳುವಾಗ ಕೊಟೇಶನ್ನಿನ ಜೊತೆ 60601-1-2ರ ಯಾವ ಆವೃತ್ತಿಗೆ ಪರೀಕ್ಷೆಯಾಗಿದೆ ಎಂಬ ಕಾಗದವನ್ನೂ ಈಗ ಕೇಳುತ್ತಾರೆ. ಉಳಿದದ್ದು ಹಳೆ ಪಂಪ್‌ಗಳ ಪ್ರಶ್ನೆ. ಅವು ಕೆಟ್ಟಿಲ್ಲ, ಅಳತೆ ಕರಾರುವಾಕ್ಕಾಗಿದೆ, ಎಸೆಯಲು ಮಾಲೀಕರಿಗೆ ಮನಸ್ಸಿಲ್ಲ. ತಾಲ್ಲೂಕಿನ ಸಣ್ಣ ಆಸ್ಪತ್ರೆಯೊಂದು ಕೊಳ್ಳಲು ಬಂತು. ಒಂದು ಮೀಟರ್ ನಿಯಮ ಬರೆದ ಚೀಟಿಯನ್ನು ಪಂಪಿನ ಮೈಗೆ ಅಂಟಿಸಿ, ಅವರ ಐಸಿಯು ಕಟ್ಟಡದ ಯಾವ ಭಾಗದಲ್ಲಿದೆ, ಒಳಗೆ ಟವರ್ ಎಷ್ಟು ಕಡ್ಡಿ ಬರುತ್ತದೆ ಎಂದು ಕೇಳಿದೆ. ಕೊಳ್ಳಲು ಬಂದವರು ನಕ್ಕು, "ಒಳಗೆ ಟವರೇ ಸಿಗಲ್ರಿ, ಮಾತಾಡಬೇಕಂದ್ರೆ ಹೊರಗೇ ಬರಬೇಕು" ಎಂದರು. ಮಾರಾಟ ಅಲ್ಲಿಗೇ ನಿಂತಿದೆ.